ವಸತಿ ಸಂಘದ ಸುದ್ದಿಪತ್ರದಲ್ಲಿ ನೆರೆಹೊರೆಯ ಚರ್ಚೆಗಳನ್ನು ಸಾರಾಂಶಗೊಳಿಸುವ ಬಗೆ

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಂದೊಂದಾಗಿ ಬತ್ತುತ್ತಿದ್ದಾಗ, ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಹಾಯಿಸಲು ಬಳಸಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಜಲಮಂಡಳಿ ಆದೇಶ ಹೊರಡಿಸಿತ್ತು. ಆ ದಿನಗಳಲ್ಲಿ ನಮ್ಮ ವಸತಿ ಸಮುಚ್ಚಯದಲ್ಲೂ ನೀರಿನದೇ ಮಾತು. ಮಧ್ಯಾಹ್ನದ ಹೊತ್ತು ನಲ್ಲಿಗಳನ್ನು ಬಂದ್ ಮಾಡಬೇಕೆಂಬ ಪ್ರಸ್ತಾವ ಸಭೆಯ ಮುಂದೆ ಬಂದಾಗ ಒಬ್ಬರು ಎದ್ದು ನಿಂತು, ತಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ, ದಿನಕ್ಕೆ ಮೂರು ಸಲ ಬಟ್ಟೆ ಒಗೆಯದೆ ವಿಧಿಯಿಲ್ಲ ಎಂದು ಹೇಳಿಕೊಂಡರು. ಸಂಘದ ಸುದ್ದಿಪತ್ರವನ್ನು ಸಂಪಾದಿಸುತ್ತಿದ್ದ ನಾನು ಅವರ ಹೆಸರನ್ನು ಬಿಟ್ಟು, “ಬಿ ಬ್ಲಾಕಿನ ಮೂರನೇ ಮಹಡಿಯ ಕುಟುಂಬವೊಂದು” ಎಂದು ಬರೆದು, ಅವರ ಕಷ್ಟವನ್ನು ಸಹಾನುಭೂತಿಯಿಂದಲೇ ವಿವರಿಸಿದೆ. ಆ ಮಹಡಿಯಲ್ಲಿದ್ದುದು ನಾಲ್ಕೇ ಮನೆ. ಸಭೆಯಲ್ಲಿ ನಲವತ್ತು ಜನರ ಮುಂದೆ, ಬೇರೆ ದಾರಿ ಕಾಣದೆ ಆಡಿದ ಮಾತು ಒಂದು ವಾರದಲ್ಲಿ ಲಿಫ್ಟಿನಲ್ಲಿ, ಆಟದ ಮೈದಾನದಲ್ಲಿ, ದೂರದೂರಿನ ನೆಂಟರ ಫೋನುಗಳಲ್ಲಿ ಸುತ್ತಾಡಿ ಆ ಮನೆಯವರ ಕಿವಿಗೇ ಮರಳಿತು. ಹೆಸರು ಅಳಿಸಿದ ಮಾತ್ರಕ್ಕೆ ಖಾಸಗಿತನ ಉಳಿಯುತ್ತದೆ ಎಂದು ನಂಬಿದ್ದ ನನ್ನ ತಪ್ಪಿನಿಂದ ಆದ ನೋವು ಅದು. ಸಂಘದ ಸುದ್ದಿಪತ್ರಕ್ಕಾಗಿ ಚರ್ಚೆಗಳ ಸಾರಾಂಶ ಬರೆಯುವವರೆಲ್ಲರಿಗೆ ಉಪಯೋಗವಾಗಲೆಂದು, ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಯಾರ ಮಾತು, ಎಲ್ಲಿ ಆಡಿದ್ದು

ಬರೆಯುವ ಮುನ್ನ, ಮಾತು ಯಾವ ಜಾಗದಲ್ಲಿ ಹುಟ್ಟಿತು ಎಂಬುದನ್ನು ವಿಂಗಡಿಸಿಕೊಳ್ಳಬೇಕು. ಸರ್ವಸದಸ್ಯರ ಸಭೆಯಲ್ಲಿ ಮಂಡಿಸಿದ ಅಭಿಪ್ರಾಯ, ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಸಿಟ್ಟಿನಿಂದ ಬರೆದ ಸಾಲು ಮತ್ತು ಗೇಟಿನ ಬಳಿ ನಿಂತು ಆಡಿದ ಮಾತು ಒಂದೇ ತೂಕದವಲ್ಲ. ಮೂರನೆಯದನ್ನು ಸುದ್ದಿಪತ್ರಕ್ಕೆ ತರಲೇಬಾರದು. ಎರಡನೆಯದರಿಂದ ವಿಷಯವನ್ನಷ್ಟೇ ತೆಗೆದುಕೊಳ್ಳಬಹುದು. ಆ ಸಾಲನ್ನು ಯಥಾವತ್ತಾಗಿ ಎತ್ತಿ ಹಾಕುವುದಾಗಲಿ, ಸ್ಕ್ರೀನ್‌ಶಾಟ್ ಮುದ್ರಿಸುವುದಾಗಲಿ ಕೂಡದು. ಮೊದಲನೆಯದು ಸಾರಾಂಶಕ್ಕೆ ಸಿಗಬಹುದಾದ ಮಾತೇ ಆದರೂ ಅದಕ್ಕೂ ಮಿತಿಯಿದೆ.

ಸುದ್ದಿಪತ್ರವು ಸಭೆಯ ನಡಾವಳಿಯಲ್ಲ ಎಂಬುದೂ ನೆನಪಿರಲಿ. ಕರ್ನಾಟಕದಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ 1960ರ ಸಂಘಗಳ ನೋಂದಣಿ ಕಾಯ್ದೆ ಅಥವಾ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಚೌಕಟ್ಟಿನಲ್ಲಿ ನಡೆಯುತ್ತವೆ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂಬ ದಾಖಲೆಗೆ ನಡಾವಳಿಯ ಪುಸ್ತಕವಿದೆ, ಅದನ್ನು ಬೇಕಾದ ಸದಸ್ಯರು ಕಚೇರಿಗೆ ಬಂದು ನೋಡಬಹುದು. ಸುದ್ದಿಪತ್ರದ ಪಿಡಿಎಫ್ ಮಾತ್ರ ಗೇಟು ದಾಟಿ ಹೋಗುವ ಕಾಗದ. ಮನೆ ಬಾಡಿಗೆಗೆ ಹುಡುಕುತ್ತಿರುವವರು, ಮಾಲೀಕರ ಬಂಧುಗಳು, ನಿವಾಸಿಗಳ ಸಹೋದ್ಯೋಗಿಗಳು ಎಲ್ಲರೂ ಅದನ್ನು ಓದಬಲ್ಲರು ಎಂದು ಭಾವಿಸಿಯೇ ಪ್ರತಿ ವಾಕ್ಯವನ್ನು ಬರೆಯಬೇಕು.

ಎರಡನೆಯ ಹೆಜ್ಜೆ: ನಿಯಮವನ್ನು ಮೊದಲೇ ಹೇಳಿ

ಸಭೆ ಶುರುವಾಗುವಾಗಲೇ, “ಈ ಚರ್ಚೆಯ ಸಾರಾಂಶ ಸುದ್ದಿಪತ್ರದಲ್ಲಿ ಬರುತ್ತದೆ, ವಿಷಯಗಳು ಬರುತ್ತವೆ, ಮಾತಾಡಿದವರ ಗುರುತು ಬರುವುದಿಲ್ಲ” ಎಂದು ಅಧ್ಯಕ್ಷರ ಬಾಯಿಂದ ಹೇಳಿಸಿ. ಲಂಡನ್ನಿನ ಚಾಟಮ್ ಹೌಸ್ ಸಂಸ್ಥೆಯಲ್ಲಿ 1927ರಲ್ಲಿ ರೂಪುಗೊಂಡು, 1992 ಮತ್ತು 2002ರಲ್ಲಿ ಪರಿಷ್ಕೃತವಾದ ನಿಯಮವೊಂದು ಇದಕ್ಕೆ ಒಳ್ಳೆಯ ಮಾದರಿ. ಸಭೆಯಲ್ಲಿ ಕೇಳಿದ ಮಾಹಿತಿಯನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಅದನ್ನು ಹೇಳಿದವರ ಗುರುತನ್ನಾಗಲಿ, ಅವರು ಯಾವ ಸಂಸ್ಥೆಗೆ ಸೇರಿದವರೆಂಬುದನ್ನಾಗಲಿ, ಸಭೆಯಲ್ಲಿದ್ದ ಬೇರೆಯವರ ಗುರುತನ್ನಾಗಲಿ ಬಹಿರಂಗಪಡಿಸಬಾರದು ಎಂಬುದು ಅದರ ತಿರುಳು. ವಸತಿ ಸಮುಚ್ಚಯದ ಮಟ್ಟಿಗೆ ‘ಯಾವ ಸಂಸ್ಥೆಗೆ ಸೇರಿದವರು’ ಎಂಬುದರ ಜಾಗದಲ್ಲಿ ಬ್ಲಾಕು, ಮಹಡಿ, ಮಾಲೀಕರೋ ಬಾಡಿಗೆದಾರರೋ ಎಂಬ ವಿವರಗಳು ಬರುತ್ತವೆ. ಅವೂ ಗುರುತೇ.

ಹೀಗೆ ಮೊದಲೇ ಹೇಳಿದರೆ ಜನ ಧೈರ್ಯವಾಗಿ ಮಾತಾಡುತ್ತಾರೆ. ಅದರಲ್ಲೂ ಸಮಿತಿಯನ್ನು ಪ್ರಶ್ನಿಸಲು ಹಿಂಜರಿಯುವ ಬಾಡಿಗೆದಾರರು ಬಾಯಿ ಬಿಡುತ್ತಾರೆ.

ಮೂರನೆಯ ಹೆಜ್ಜೆ: ಟಿಪ್ಪಣಿ

ಟಿಪ್ಪಣಿ ಬರೆದುಕೊಳ್ಳುವಾಗಲೇ ಹೆಸರನ್ನೂ ವಾದವನ್ನೂ ಬೇರೆ ಮಾಡಿ. ನಾನು ನೋಟ್‌ಬುಕ್ಕಿನ ಎಡಪುಟದಲ್ಲಿ ವಾದಗಳನ್ನು ಕ್ರಮಸಂಖ್ಯೆ ಹಾಕಿ ಬರೆದು, ಬಲಪುಟದಲ್ಲಿ ಆ ಸಂಖ್ಯೆಯ ಎದುರು ಹೇಳಿದವರ ಹೆಸರಿನ ಮೊದಲಕ್ಷರವನ್ನಷ್ಟೇ ಬರೆಯುತ್ತೇನೆ. ಸ್ಪಷ್ಟನೆ ಕೇಳಲು ಅದು ಸಾಕು. ಸಂಚಿಕೆ ಹೊರಬಂದು ತಿದ್ದುಪಡಿಗಳ ಅವಧಿ ಮುಗಿದ ಮೇಲೆ ಬಲಪುಟ ಹರಿದುಹೋಗುತ್ತದೆ. ಧ್ವನಿ ಮುದ್ರಿಸಿಕೊಳ್ಳುವುದಾದರೆ ಸಭೆಗೆ ತಿಳಿಸಿ, ಆಕ್ಷೇಪವಿದ್ದರೆ ನಿಲ್ಲಿಸಿ, ಬರೆದು ಮುಗಿದ ಮೇಲೆ ಅಳಿಸಿ.

ಇತ್ತೀಚೆಗೆ ಇನ್ನೊಂದು ಅಭ್ಯಾಸ ಹರಡುತ್ತಿದೆ. ವಾಟ್ಸಾಪ್ ಗುಂಪಿನ ಇಡೀ ಸಂಭಾಷಣೆಯನ್ನು ಎಕ್ಸ್‌ಪೋರ್ಟ್ ಮಾಡಿ, ಆ ಕಡತವನ್ನು ಹಾಗೆಯೇ ಯಾವುದೋ ಕೃತಕ ಬುದ್ಧಿಮತ್ತೆಯ ಸೇವೆಗೆ ಕೊಟ್ಟು, ಸಾರಾಂಶ ಬರೆಸುತ್ತಾರೆ. ಆ ಕಡತದಲ್ಲಿ ಪ್ರತಿ ಸಂದೇಶದ ಮುಂದೆಯೂ ಹೆಸರಿರುತ್ತದೆ, ನಿಮ್ಮ ಫೋನಿನಲ್ಲಿ ಹೆಸರು ಉಳಿಸಿಕೊಂಡಿರದವರ ಮೊಬೈಲ್ ಸಂಖ್ಯೆಯೇ ಇರುತ್ತದೆ. ನೂರಾರು ನೆರೆಹೊರೆಯವರ ಸಂಖ್ಯೆ, ಮಾತು, ಮನೆಯ ವಿಷಯಗಳನ್ನು ಅವರನ್ನು ಕೇಳದೆ ಹೊರಗಿನವರಿಗೆ ಒಪ್ಪಿಸಿದಂತಾಗುತ್ತದೆ. ಯಂತ್ರದ ನೆರವು ಬೇಕೇ ಬೇಕೆನಿಸಿದರೆ, ಹೆಸರು ಮತ್ತು ಸಂಖ್ಯೆಗಳಿಲ್ಲದ ನಿಮ್ಮ ಎಡಪುಟದ ಟಿಪ್ಪಣಿಯನ್ನಷ್ಟೇ ಕೊಡಿ.

ನಾಲ್ಕನೆಯ ಹೆಜ್ಜೆ: ಗುರುತಿನ ಚೂರುಗಳನ್ನು ತೆಗೆಯುವುದು

ಕಷ್ಟದ ಕೆಲಸ ಇದು. ಅಮೆರಿಕದ ಸಂಶೋಧಕಿ ಲಟಾನ್ಯಾ ಸ್ವೀನಿ ಅಲ್ಲಿನ 1990ರ ಜನಗಣತಿಯ ಅಂಕಿಗಳನ್ನಿಟ್ಟುಕೊಂಡು, ಹೆಸರೇ ಇಲ್ಲದಿದ್ದರೂ ಪಿನ್‌ಕೋಡ್, ಹುಟ್ಟಿದ ದಿನಾಂಕ ಮತ್ತು ಲಿಂಗ ಎಂಬ ಮೂರೇ ವಿವರಗಳಿಂದ ಆ ದೇಶದ ಸುಮಾರು 87% ಜನರನ್ನು ಬಿಡಿಬಿಡಿಯಾಗಿ ಗುರುತಿಸಬಹುದು ಎಂದು ಅಂದಾಜಿಸಿದ್ದರು. ಕೋಟಿಗಟ್ಟಲೆ ಜನರಿರುವ ದೇಶದಲ್ಲೇ ಮೂರು ಚೂರು ಸಾಕಾದರೆ, ಇನ್ನೂರು ಮನೆಗಳ ಸಮುಚ್ಚಯದಲ್ಲಿ ಎರಡು ಹೆಚ್ಚು. “ನಿವೃತ್ತ ಪ್ರಾಧ್ಯಾಪಕರು” ಎಂದರೆ ಒಬ್ಬರೇ ಇರಬಹುದು. “ಒಡಿಯಾ ಮಾತಾಡುವ ಕುಟುಂಬ” ಎಂದರೂ ಅಷ್ಟೇ. ಅಡ್ಡಹೆಸರಂತೂ ನಮ್ಮಲ್ಲಿ ಊರನ್ನೂ ಜಾತಿಯನ್ನೂ ಒಟ್ಟಿಗೆ ಹೇಳಿಬಿಡುತ್ತದೆ.

ಹಾಗಾಗಿ ನಾನೊಂದು ಅಳತೆ ಇಟ್ಟುಕೊಂಡಿದ್ದೇನೆ: ನಾನು ಬರೆದ ವರ್ಣನೆ ಸಮುಚ್ಚಯದ ಕನಿಷ್ಠ ಹತ್ತು ಮನೆಗಳಿಗೆ ಹೊಂದಬೇಕು. ಹೊಂದದಿದ್ದರೆ ವಿವರ ಬಿಡುತ್ತೇನೆ, ಬಿಟ್ಟರೆ ವಾದವೇ ಕೆಡುತ್ತದೆ ಎನ್ನುವಂತಿದ್ದರೆ ವಿಸ್ತರಿಸುತ್ತೇನೆ. ಮೇಲೆ ಹೇಳಿದ ನೀರಿನ ಪ್ರಸಂಗವನ್ನು ಇಂದು ಬರೆಯುವುದಾದರೆ, “ಹಿರಿಯರು, ಎಳೆಯ ಮಕ್ಕಳು ಇರುವ ಮನೆಗಳಿಗೆ ಮಧ್ಯಾಹ್ನವೂ ನೀರು ಬೇಕಾಗುತ್ತದೆ ಎಂಬ ಅಂಶ ಚರ್ಚೆಗೆ ಬಂತು” ಎಂದು ಬರೆಯುತ್ತಿದ್ದೆ. ವಾದದ ಬಲ ಕುಗ್ಗುವುದಿಲ್ಲ, ಯಾವ ಮನೆಯ ಬಾಗಿಲೂ ತೆರೆದುಕೊಳ್ಳುವುದಿಲ್ಲ. ಬರೆದಾದ ಮೇಲೆ ಸಭೆಗೆ ಬಾರದಿದ್ದ ಹಳೆಯ ನಿವಾಸಿಯೊಬ್ಬರಿಗೆ ಕರಡನ್ನು ಕೊಟ್ಟು, ಯಾರ ಬಗ್ಗೆ ಬರೆದಿದೆ ಎಂದು ಊಹಿಸಲು ಸಾಧ್ಯವೇ ಎಂದು ಕೇಳಿ. ಅವರು ತಕ್ಷಣ ಒಬ್ಬರ ಹೆಸರು ಹೇಳಿದರೆ ಆ ವಾಕ್ಯವನ್ನು ಮತ್ತೆ ಬರೆಯಬೇಕು. ಹೇಳಿದ ಹೆಸರು ತಪ್ಪಾಗಿದ್ದರೂ ಬರೆಯಬೇಕು, ಏಕೆಂದರೆ ಸಂಬಂಧವೇ ಇಲ್ಲದ ಇನ್ನೊಬ್ಬರ ತಲೆಗೆ ಆ ಮಾತು ಕಟ್ಟಿಕೊಳ್ಳುತ್ತದೆ.

ಐದನೆಯ ಹೆಜ್ಜೆ: ಕನ್ನಡದ ಕೈಹಿಡಿತ

ಸಂಪಾದನೆಯ ಶೈಲಿಯ ಬಗ್ಗೆ ಸಿಗುವ ಹೆಚ್ಚಿನ ಕೈಪಿಡಿಗಳು ಇಂಗ್ಲಿಷಿನವು. ನಮ್ಮ ನುಡಿಯ ಅನುಕೂಲಗಳೂ ಅಪಾಯಗಳೂ ಅವುಗಳಲ್ಲಿ ಕಾಣಸಿಗುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಕನ್ನಡದ ದೊಡ್ಡ ಅನುಕೂಲವೆಂದರೆ ಗೌರವದ ಬಹುವಚನ. “ನಿವಾಸಿಯೊಬ್ಬರು ಕೇಳಿದರು” ಎಂದಾಗ ಕೇಳಿದ್ದು ಗಂಡಸೋ ಹೆಂಗಸೋ ತಿಳಿಯುವುದಿಲ್ಲ, ವಾಕ್ಯವೂ ಸಹಜವಾಗಿಯೇ ಇರುತ್ತದೆ. “ಮಹಿಳೆಯೊಬ್ಬರು”, “ಯುವಕನೊಬ್ಬ” ಎಂದು ಸೇರಿಸಿದ ಕೂಡಲೇ ಈ ರಕ್ಷಣೆ ಹೋಗುತ್ತದೆ. ಇದೇ ಬಹುವಚನವನ್ನು ಎಲ್ಲರಿಗೂ ಸಮನಾಗಿ ಹಂಚಬೇಕು. ಫ್ಲಾಟಿನ ಮಾಲೀಕರು “ಹೇಳಿದರು”, ಸೆಕ್ಯೂರಿಟಿಯವನು “ಹೇಳಿದ”, ಮನೆಗೆಲಸದವಳು “ಹೇಳಿದಳು” ಎಂದು ಬರೆದ ಸುದ್ದಿಪತ್ರ, ಚರ್ಚೆಗಿಂತ ಮೊದಲೇ ಯಾರ ಮಾತಿಗೆ ಬೆಲೆ ಎಂದು ತೀರ್ಪು ಕೊಟ್ಟಿರುತ್ತದೆ.

ಅಪಾಯಗಳಲ್ಲಿ ಮೊದಲನೆಯದು ‘ಅಂತೆ’. “ಟ್ಯಾಂಕರ್‌ನವರು ಸಮಿತಿಯವರಿಗೆ ಕಮಿಷನ್ ಕೊಡುತ್ತಾರಂತೆ” ಎಂಬ ವಾಕ್ಯದಲ್ಲಿ ಕೊನೆಯ ಎರಡು ಅಕ್ಷರಗಳು ಬರೆದವರಿಗೆ ಹೊಣೆಯಿಂದ ಬಿಡುಗಡೆ ಕೊಟ್ಟಂತೆ ತೋರುತ್ತವೆ. ಓದುವವರ ಮನಸ್ಸಿನಲ್ಲಿ ಉಳಿಯುವುದು ಕಮಿಷನ್ ಮಾತ್ರ. ದಾಖಲೆಯಿಲ್ಲದ ಆರೋಪವನ್ನು ‘ಅಂತೆ’, ‘ಎನ್ನಲಾಗಿದೆ’, ‘ಎಂಬ ಮಾತಿದೆ’ ಎಂಬ ಯಾವ ರೂಪದಲ್ಲೂ ಅಚ್ಚು ಹಾಕಬಾರದು. ಅದರ ಬದಲಿಗೆ, “ಟ್ಯಾಂಕರ್ ಖರೀದಿಯ ಲೆಕ್ಕವನ್ನು ಸದಸ್ಯರ ಮುಂದಿಡಬೇಕೆಂಬ ಒತ್ತಾಯ ಬಂತು” ಎಂದು ಬರೆದರೆ ಪ್ರಶ್ನೆ ಜೀವಂತವಾಗಿರುತ್ತದೆ, ಸಮಿತಿ ಉತ್ತರಿಸಲೇಬೇಕಾದ ರೂಪಕ್ಕೂ ಬರುತ್ತದೆ.

ಎರಡನೆಯದು ಒತ್ತಿ ಹೇಳುವ ‘ಏ’ ಮತ್ತು ‘ಊ’. “ಮೂವರು ವಿರೋಧಿಸಿದರು” ಎಂಬುದು ವರದಿ. “ಮೂವರೇ ವಿರೋಧಿಸಿದರು” ಎಂದರೆ ವಿರೋಧಿಸಿದವರು ಲೆಕ್ಕಕ್ಕಿಲ್ಲದವರು ಎಂದ ಹಾಗೆ. “ಕೊನೆಗೆ ಖಜಾಂಚಿಯವರೂ ಒಪ್ಪಿಕೊಂಡರು” ಎಂದರೆ ಅಲ್ಲಿಯವರೆಗೆ ಅವರು ಹಟ ಹಿಡಿದಿದ್ದರು ಎಂಬ ಕಥೆ ಅದರೊಳಗಿದೆ. ಕರಡನ್ನು ತಿದ್ದುವಾಗ ಈ ಎರಡು ಸ್ವರಗಳನ್ನು ಬೇರೆಯಾಗಿ ಹುಡುಕಿ ನೋಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ‘ಆರೋಪಿಸಿದರು’, ‘ಸಮರ್ಥಿಸಿಕೊಂಡರು’, ‘ಒಪ್ಪಿಕೊಂಡರು’, ‘ಕಿಡಿಕಾರಿದರು’ ಎಂಬ ಕ್ರಿಯಾಪದಗಳೂ ಇದೇ ಜಾತಿಯವು. ‘ಹೇಳಿದರು’, ‘ಕೇಳಿದರು’, ‘ಸೂಚಿಸಿದರು’ ಎಂಬ ಸಾದಾ ಪದಗಳಿಂದ ಹೆಚ್ಚಿನ ಕೆಲಸ ಆಗುತ್ತದೆ.

ಮೂರನೆಯದು ಕರ್ತೃವನ್ನು ನುಂಗುವ ‘ಲಾಯಿತು’. “ಮೇಂಟೆನೆನ್ಸ್ ಶುಲ್ಕ ಹೆಚ್ಚಿಸಲು ನಿರ್ಧರಿಸಲಾಯಿತು” ಎಂದರೆ ನಿರ್ಧರಿಸಿದ್ದು ಸರ್ವಸದಸ್ಯರ ಸಭೆಯೋ ಏಳು ಜನರ ಕಾರ್ಯಕಾರಿ ಸಮಿತಿಯೋ ಎಂಬುದೇ ಮರೆಯಾಗುತ್ತದೆ. ನಿವಾಸಿಗಳ ಗುರುತನ್ನು ಕಾಯಬೇಕು, ನಿರ್ಧಾರದ ಹೊಣೆಯನ್ನು ಮರೆಮಾಚಬಾರದು. ಈ ಎರಡನ್ನೂ ಬೆರೆಸಿದರೆ ಖಾಸಗಿತನದ ಹೆಸರಿನಲ್ಲಿ ಸಮಿತಿಗಳು ಉತ್ತರದಾಯಿತ್ವದಿಂದ ನುಣುಚಿಕೊಳ್ಳುತ್ತವೆ. ‘ಕೆಲವರು’, ‘ಬಹುತೇಕರು’ ಎಂಬ ಪದಗಳಿಗೂ ಇಲ್ಲಿ ಜಾಗವಿಲ್ಲ. ಕೈ ಎತ್ತಿದವರನ್ನು ಎಣಿಸಿದ್ದರೆ ಸಂಖ್ಯೆ ಬರೆಯಿರಿ, ಎಣಿಸದಿದ್ದರೆ “ಎರಡು ಅಭಿಪ್ರಾಯಗಳು ಬಂದವು” ಎಂದಷ್ಟೇ ಬರೆಯಿರಿ.

ಇನ್ನು ಮಾತಿನ ಧಾಟಿ. ಧಾರವಾಡದ ಕಡೆಯವರ “ಹೆಂಗ್ರಿ ಆಗ್ತದ” ಎಂಬುದನ್ನೋ ಕರಾವಳಿಯವರ “ಮಾರಾಯ್ರೆ” ಎಂಬುದನ್ನೋ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಬರಹಕ್ಕೆ ಕಳೆ ಬರುತ್ತದೆ ನಿಜ. ಆದರೆ ಆ ಒಂದು ಪದವೇ ಫ್ಲಾಟ್ ಸಂಖ್ಯೆಯಷ್ಟು ನಿಖರವಾದ ಗುರುತು. ಹಿಂದಿಯಲ್ಲೋ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಮಾತಾಡಿದವರ ಅಭಿಪ್ರಾಯವನ್ನೂ ಉಳಿದವರದ್ದನ್ನೂ ಒಂದೇ ಬಗೆಯ ಕನ್ನಡಕ್ಕೆ ತನ್ನಿ, ಯಾವ ಭಾಷೆಯಲ್ಲಿ ಹೇಳಿದರೆಂದು ಬರೆಯಬೇಡಿ.

ಇವೆಲ್ಲ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಕಲ್ಪಿತ ಮಾದರಿಯೊಂದನ್ನು ಕೊಡುತ್ತೇನೆ. ಕರಡು ಹೀಗಿತ್ತೆಂದು ಇಟ್ಟುಕೊಳ್ಳಿ: “ಸಿ ಬ್ಲಾಕಿನ ಬಾಡಿಗೆದಾರನೊಬ್ಬ ಅತಿಥಿಗಳ ಪಾರ್ಕಿಂಗ್‌ನಲ್ಲಿ ತನ್ನ ಎರಡನೇ ಕಾರು ನಿಲ್ಲಿಸುವುದನ್ನು ಸಮರ್ಥಿಸಿಕೊಂಡ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಇದನ್ನು ತೀವ್ರವಾಗಿ ಖಂಡಿಸಿದರು. ಬಹುತೇಕರ ವಿರೋಧದಿಂದ ಪ್ರಸ್ತಾವವನ್ನು ಕೈಬಿಡಲಾಯಿತು.” ತಿದ್ದಿದ ರೂಪ ಹೀಗಿರಬಹುದು: “ಅತಿಥಿಗಳಿಗೆ ಮೀಸಲಾದ ಜಾಗದಲ್ಲಿ ನಿವಾಸಿಗಳು ಎರಡನೇ ಕಾರು ನಿಲ್ಲಿಸಬಹುದೇ ಎಂಬುದನ್ನು ಸಭೆ ಚರ್ಚಿಸಿತು. ರಾತ್ರಿ ಆ ಜಾಗ ಖಾಲಿ ಇರುವುದರಿಂದ ಶುಲ್ಕ ಪಡೆದು ಬಿಡಬಹುದು ಎಂಬುದು ಒಂದು ವಾದ. ಬೆಳಗ್ಗೆ ತೆರವುಗೊಳಿಸುವ ಹೊಣೆ ಸೆಕ್ಯೂರಿಟಿಯವರ ಮೇಲೆ ಬೀಳುತ್ತದೆ, ತುರ್ತಾಗಿ ವೈದ್ಯರು ಬಂದರೆ ಜಾಗವಿರುವುದಿಲ್ಲ ಎಂಬುದು ಇನ್ನೊಂದು. ಪ್ರಸ್ತಾವದ ಪರವಾಗಿ 14, ವಿರುದ್ಧವಾಗಿ 31 ಮತಗಳು ಬಂದವು. ಈಗಿನ ನಿಯಮವನ್ನು ಮುಂದುವರಿಸಲು ಸಭೆ ತೀರ್ಮಾನಿಸಿತು.” ಎರಡನೆಯದು ಉದ್ದವಾಗಿದೆ, ಆದರೆ ಸಭೆಗೆ ಬಾರದವರಿಗೆ ತಿಳಿಯಬೇಕಾದುದೆಲ್ಲ ಅದರಲ್ಲೇ ಇದೆ. ಸೋತ ವಾದವನ್ನೂ ಅದನ್ನು ಮಂಡಿಸಿದವರೇ ಒಪ್ಪುವಷ್ಟು ಗಟ್ಟಿಯಾಗಿ ಬರೆದಿದೆ.

ಆರನೆಯ ಹೆಜ್ಜೆ: ಹೆಸರು ಯಾರದು ಬರಬೇಕು, ಯಾರದು ಬರಲೇಬಾರದು

ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ತಮ್ಮ ಹುದ್ದೆಯಿಂದ ಹೇಳಿದ್ದನ್ನು ಹುದ್ದೆಯ ಹೆಸರಿನಲ್ಲೇ ಬರೆಯಬೇಕು. ಅದೇ ಅಧ್ಯಕ್ಷರು ತಮ್ಮ ಮನೆಯ ಗೋಡೆಯ ಸೋರಿಕೆಯ ಬಗ್ಗೆ ದೂರಿದರೆ ಆಗ ಅವರು ಬೇರೆ ನಿವಾಸಿಗಳಂತೆಯೇ. ಶುಲ್ಕದ ಬಾಕಿಯ ವಿಷಯದಲ್ಲಿ ಎಷ್ಟು ಮನೆಗಳು, ಒಟ್ಟು ಎಷ್ಟು ರೂಪಾಯಿ ಎಂಬುದು ಸಾಕು. ಫ್ಲಾಟ್ ಸಂಖ್ಯೆಗಳ ಪಟ್ಟಿ ಹಾಕಿ ನಾಚಿಸುವುದು ವಸೂಲಿಯ ದಾರಿಯಲ್ಲ. ವಸೂಲಿಗೆ ಬೈಲಾದಲ್ಲಿ ನೋಟಿಸಿನ ಕ್ರಮವಿರುತ್ತದೆ. ಒಬ್ಬರ ಮಾನಕ್ಕೆ ಕುಂದು ತರುವ ಬರಹ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನನಷ್ಟದ ಅಪರಾಧವಾಗಬಹುದು, ಎರಡು ವರ್ಷಗಳವರೆಗೆ ಸಜೆಗೂ ಅವಕಾಶವಿದೆ. ಸತ್ಯವೂ ಆಗಿದ್ದು ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದರೆ ವಿನಾಯಿತಿಯುಂಟು, ಆದರೆ ಅದನ್ನು ಸಾಧಿಸಿ ತೋರಿಸುವುದು ಬರೆದವರ ಪಾಲಿಗೆ ಬರುತ್ತದೆ.

ಮನೆಗೆಲಸದವರು, ಸೆಕ್ಯೂರಿಟಿಯವರು, ಪೌರಕಾರ್ಮಿಕರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅವರು ಸಭೆಯಲ್ಲಿ ಇರುವುದಿಲ್ಲ, ಗುಂಪಿನಲ್ಲಿ ಇರುವುದಿಲ್ಲ, ಸುದ್ದಿಪತ್ರ ಅವರ ಕೈಗೆ ಬರುವುದಿಲ್ಲ, ಉತ್ತರಿಸಲು ಅವರಿಗೆ ಎಲ್ಲಿಯೂ ಜಾಗವಿಲ್ಲ. ಕಳ್ಳತನದ ಅನುಮಾನದಲ್ಲಿ ಒಬ್ಬರ ಹೆಸರೋ ಸಿಸಿಟಿವಿಯ ಚಿತ್ರವೋ ಅಚ್ಚಾದರೆ ಸುತ್ತಲಿನ ನಾಲ್ಕು ಬಡಾವಣೆಗಳಲ್ಲಿ ಅವರ ಅನ್ನ ಹೋಗುತ್ತದೆ, ಆಮೇಲೆ ಒಡವೆ ಮಂಚದ ಕೆಳಗೆ ಸಿಕ್ಕರೂ ಆ ಅನ್ನ ಮರಳುವುದಿಲ್ಲ. ಇಂಥ ವಿಷಯ ಪೊಲೀಸ್ ಠಾಣೆಗೆ ಹೋಗಲಿ, ಸುದ್ದಿಪತ್ರಕ್ಕೆ ಬೇಡ.

ಮಕ್ಕಳ ಬಗ್ಗೆ ಕಾನೂನೇ ಗೆರೆ ಎಳೆದಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಮು ಸಂತ್ರಸ್ತ ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆಗಳ ಜೊತೆಗೆ ನೆರೆಹೊರೆಯ ವಿವರವನ್ನೂ ಪ್ರಕಟಿಸಬಾರದು ಎನ್ನುತ್ತದೆ. ಸಮುಚ್ಚಯದ ಸುದ್ದಿಪತ್ರ ಎಂದರೆ ನೆರೆಹೊರೆಯ ಹೆಸರನ್ನು ತಲೆಯ ಮೇಲೆ ಹೊತ್ತ ಕಾಗದ, ಆದ್ದರಿಂದ ಅಂಥ ಪ್ರಕರಣದ ಬಗ್ಗೆ ಒಂದು ಸಾಲೂ ಬೇಡ. ಮಕ್ಕಳ ಸುರಕ್ಷತೆಯ ಚರ್ಚೆ ಬರಬೇಕೆಂದರೆ, ತೆಗೆದುಕೊಂಡ ಕ್ರಮಗಳನ್ನಷ್ಟೇ ಬರೆಯಿರಿ.

ಏಳನೆಯ ಹೆಜ್ಜೆ: ಒಪ್ಪಿಗೆ

ಯಾರದಾದರೂ ಮಾತನ್ನು ಅವರ ಹೆಸರಿನೊಂದಿಗೇ ಹಾಕುವುದು ಒಳ್ಳೆಯದೆನಿಸಿದರೆ (ಮಳೆನೀರು ಕೊಯ್ಲು ಮಾಡಿದವರ ಅನುಭವದಂಥದ್ದಕ್ಕೆ ಹೆಸರು ಇದ್ದರೇ ಚೆನ್ನ), ಆ ವಾಕ್ಯವನ್ನು ಅವರಿಗೆ ಬರಹದಲ್ಲಿ ಕಳುಹಿಸಿ ಒಪ್ಪಿಗೆ ಪಡೆಯಿರಿ. ಉತ್ತರ ಬಾರದಿದ್ದರೆ ಒಪ್ಪಿಗೆ ಇಲ್ಲವೆಂದೇ ಅರ್ಥ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು ಮತ್ತು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ವ್ಯಕ್ತಿಯೊಬ್ಬರು ತಮ್ಮ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಆದರೆ ನೋಂದಾಯಿತ ಸಂಘವೊಂದು ಪಿಡಿಎಫ್ ಹಂಚುವಾಗ ಆ ವಿನಾಯಿತಿಯ ನೆರಳಿನಲ್ಲಿ ನಿಲ್ಲಬಹುದೆಂದು ನನಗನಿಸುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಸಮಿತಿಯ ಸಭೆಯಲ್ಲಿ ಒಮ್ಮೆ ಹೇಳಿದ್ದೆ. ಸಂಪಾದಕರು ಅತಿಯಾಗಿ ಹೆದರುತ್ತಾರೆ ಎಂಬ ಮಾತು ಆಮೇಲೆ ಕೇಳಿಬರಲಿಲ್ಲ.

ಒಪ್ಪಿಗೆಗೆ ತೋರಿಸುವುದು ಅವರ ವಾಕ್ಯವನ್ನು ಮಾತ್ರ. ಇಡೀ ಲೇಖನ ಕಳುಹಿಸಿದರೆ ಉಳಿದವರ ವಾದಗಳನ್ನೂ ತಿದ್ದುವ ಕೈಗಳು ಬರುತ್ತವೆ.

ಎಂಟನೆಯ ಹೆಜ್ಜೆ: ತಪ್ಪಾದಾಗ

ತಪ್ಪು ಎರಡು ಬಗೆಯದು. ಸಂಖ್ಯೆ, ದಿನಾಂಕ, ನಿರ್ಧಾರದ ಒಕ್ಕಣೆ ತಪ್ಪಾದರೆ ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ, ಹಿಂದೆ ಏನೆಂದು ಬರೆದಿತ್ತು, ಸರಿಯಾದದ್ದು ಏನು ಎಂದು ಸ್ಪಷ್ಟವಾಗಿ ಪ್ರಕಟಿಸಬೇಕು. ಒಬ್ಬರ ಗುರುತು ಬಯಲಾಗಿದ್ದರೆ ಮಾತ್ರ ಹಾಗೆ ಮಾಡಬಾರದು. ಅಚ್ಚಿನ ಕ್ಷಮಾಪಣೆ ಅವರ ಕಡೆಗೆ ಎರಡನೇ ಬಾರಿ ಬೆರಳು ತೋರಿಸುತ್ತದೆ. ನೀರಿನ ಸಂಚಿಕೆಯ ವಿಷಯದಲ್ಲಿ ನಾನು ಆ ವಾಕ್ಯವನ್ನು ಬದಲಿಸಿದ ಪಿಡಿಎಫ್ ಅನ್ನು ಹಳೆಯದರ ಜಾಗದಲ್ಲಿಟ್ಟು, ಗುಂಪಿನಲ್ಲಿದ್ದ ಹಳೆಯ ಕಡತವನ್ನು ನಿರ್ವಾಹಕರಿಂದ ಅಳಿಸಿ, ನೋಟಿಸ್ ಬೋರ್ಡಿನ ಪ್ರತಿಯನ್ನು ತೆಗೆದೆ. ಸಂಜೆ ಆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಒಳಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ಹಿರಿಯರ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದುಕೊಂಡರು.